ರೆಡಿಸ್‌ಗೆ ಪಾಸ್‌ವರ್ಡ್ ಇದ್ದರೂ ಮೆಮೊರಿ ತುಂಬಿಸಬಹುದಂತೆ: ಸಿವಿಇ-2025-21605ಕ್ಕೆ ಸರಿಯಾದ ತಡೆ ಯಾವುದು?

ಕಟ್ಟೆ_ಆಪ್ಸ್ (ಪ್ರಶ್ನೆ)

ಡೆಬಿಯನ್ 12, ಅದರ ರೆಪೊಸಿಟರಿಯಲ್ಲೇ ಸಿಗುವ ರೆಡಿಸ್ 7.0.15 (ಡೇಟಾವನ್ನು ಮೆಮೊರಿಯಲ್ಲೇ ಇಡುವ ಡೇಟಾಬೇಸ್). ಒಂದು ಪ್ರೈಮರಿ, ಅದರ ನಕಲಾದ ಎರಡು ರೆಪ್ಲಿಕಾ, ಪ್ರೈಮರಿ ಬಿದ್ದರೆ ರೆಪ್ಲಿಕಾ ಒಂದನ್ನು ಅದರ ಜಾಗಕ್ಕೆ ತರುವ ಮೂರು ಸೆಂಟಿನೆಲ್. ಪ್ರತಿ ಮಷಿನ್‌ಗೆ 16 ಜಿಬಿ ರ್‍ಯಾಮ್, ಮ್ಯಾಕ್ಸ್‌ಮೆಮೊರಿ 10 ಜಿಬಿ, ಎವಿಕ್ಷನ್ ಪಾಲಿಸಿ ಆಲ್‌ಕೀಸ್-ಎಲ್‌ಆರ್‌ಯು (ಮೆಮೊರಿ ಸಾಲದಾಗ ಬಹಳ ಹೊತ್ತು ಬಳಸದ ಕೀಗಳನ್ನು ಅಳಿಸುವ ನಿಯಮ). ರಿಕ್ವೈರ್‌ಪಾಸ್ ಇದೆ, ಪಾಸ್‌ವರ್ಡ್ ಸಾಕಷ್ಟು ಉದ್ದದ್ದೇ. 6379 ಪೋರ್ಟ್ ಆಫೀಸಿನ ಒಳಜಾಲಕ್ಕೆಲ್ಲ ತೆರೆದಿದೆ, ಇಂಟರ್ನೆಟ್‌ಗೆ ಇಲ್ಲ.

ಸಿವಿಇ-2025-21605 ಎಂಬ ಭದ್ರತಾ ದೋಷದ ವಿವರಣೆಯಲ್ಲಿ ಲಾಗಿನ್ ಆಗದ ಕ್ಲೈಂಟ್ ಕೂಡ ಔಟ್‌ಪುಟ್ ಬಫರನ್ನು (ಕಳಿಸಬೇಕಾದ ಉತ್ತರಗಳು ಕಾಯುವ ಜಾಗ) ಮಿತಿಯಿಲ್ಲದೆ ಬೆಳೆಸಬಹುದು ಎಂದಿದೆ. ಪಾಸ್‌ವರ್ಡೇ ಗೊತ್ತಿಲ್ಲದವರಿಗೆ ಒಂದು ಕೀಯನ್ನೂ ಓದಲಾಗದು, ಹಾಗಿದ್ದ ಮೇಲೆ ಬಫರ್ ತುಂಬುವುದು ಯಾವುದರಿಂದ? ಮ್ಯಾಕ್ಸ್‌ಮೆಮೊರಿ 10 ಜಿಬಿ ಇರುವಾಗ ಅದಕ್ಕಿಂತ ಮೇಲೆ ಹೋಗುವುದಿಲ್ಲ ಅಲ್ಲವೇ? ಸರಿಪಡಿಸಿದ ಆವೃತ್ತಿಗಳು 6.2.18, 7.2.8, 7.4.3 ಎಂದು ಮಾತ್ರ ಕೊಟ್ಟಿದ್ದಾರೆ, 7.0ರ ಹೆಸರೇ ಇಲ್ಲ. ಅಪ್‌ಗ್ರೇಡ್ ಆಗುವವರೆಗೆ ಕಾನ್ಫಿಗ್‌ನಲ್ಲಿ ಮಾಡಬಹುದಾದದ್ದು ಏನಾದರೂ ಇದೆಯೇ?

ಸಾಕೆಟ್‌ಪುರಾಣ

ಬಫರ್ ತುಂಬುವುದು ನಿಮ್ಮ ಡೇಟಾದಿಂದಲ್ಲ, ರೆಡಿಸ್ ಹೇಳುವ "ಒಳಗೆ ಬರಬೇಡ" ಎಂಬ ಉತ್ತರದಿಂದಲೇ.

ಪಾಸ್‌ವರ್ಡ್ ಕೊಡದ ಕ್ಲೈಂಟ್ ಏನೇ ಕಮಾಂಡ್ ಕಳಿಸಲಿ, ಆತ್, ಹಲೋ, ಕ್ವಿಟ್, ರೀಸೆಟ್ ಬಿಟ್ಟರೆ ಉಳಿದೆಲ್ಲಕ್ಕೂ ರೆಡಿಸ್ "ನೋಆತ್ ಆಥೆಂಟಿಕೇಷನ್ ರಿಕ್ವೈರ್ಡ್" ಎಂಬ ಸಾಲನ್ನು ವಾಪಸ್ ಬರೆಯುತ್ತದೆ. ಮೊದಲಿನ ಮೈನಸ್ ಗುರುತು, ಕೊನೆಯ ಎರಡು ಬೈಟ್ ಸೇರಿ ಅದು 34 ಬೈಟ್. ಬರೆದದ್ದು ಮೊದಲು ಕರ್ನಲ್‌ನ ಸೆಂಡ್ ಬಫರ್‌ಗೆ ಹೋಗುತ್ತದೆ. ಆ ಕಡೆಯವರು ಕಮಾಂಡ್ ಕಳಿಸುತ್ತಲೇ ಇದ್ದು, ಬಂದ ಉತ್ತರವನ್ನು ಮಾತ್ರ ಓದದೇ ಬಿಟ್ಟರೆ ಅವರ ಟಿಸಿಪಿ ವಿಂಡೋ (ಇನ್ನೆಷ್ಟು ಸ್ವೀಕರಿಸಬಲ್ಲರು ಎಂಬ ಲೆಕ್ಕ) ಸೊನ್ನೆಗೆ ಇಳಿಯುತ್ತದೆ, ಇತ್ತ ನಮ್ಮ ಕರ್ನಲ್ ಬಫರ್ ತುಂಬುತ್ತದೆ. ಅಲ್ಲಿಂದ ಮುಂದಿನ ಪ್ರತಿ ಉತ್ತರವನ್ನೂ ರೆಡಿಸ್ ತನ್ನ ಮೆಮೊರಿಯಲ್ಲೇ ಪೇರಿಸಿಕೊಳ್ಳಬೇಕು. ಮೊದಲು ಕ್ಲೈಂಟ್‌ಗೆಂದೇ ಇರುವ 16 ಕೆಬಿ ಸ್ಥಿರ ಬಫರ್, ಅದು ತುಂಬಿದ ಮೇಲೆ ಒಂದರ ಹಿಂದೆ ಒಂದು ಬ್ಲಾಕ್ ಸೇರುವ ಪಟ್ಟಿ. ಆ ಪಟ್ಟಿಗೆ ಮಿತಿ ಹಾಕಬೇಕಾದ "ಕ್ಲೈಂಟ್-ಔಟ್‌ಪುಟ್-ಬಫರ್-ಲಿಮಿಟ್" ಸೆಟ್ಟಿಂಗ್ ನಾರ್ಮಲ್ ಕ್ಲೈಂಟ್‌ಗಳಿಗೆ ಡಿಫಾಲ್ಟ್ ಆಗಿ 0 0 0, ಅಂದರೆ ಮಿತಿಯೇ ಇಲ್ಲ. ಕೋಡಿ ಇಲ್ಲದ ಕೆರೆ ಇದ್ದ ಹಾಗೆ. ನೀರು ಬರುತ್ತಲೇ ಇದ್ದರೆ ಏರಿ ಒಡೆಯುವುದೊಂದೇ ದಾರಿ.

ಲೆಕ್ಕ ನೋಡಿ. ಆರು ಬೈಟಿನ ಪಿಂಗ್ ಒಂದಕ್ಕೆ 34 ಬೈಟ್ ಉತ್ತರ. 1 ಜಿಬಿ ಪೇರಲು ಸುಮಾರು 3 ಕೋಟಿ 16 ಲಕ್ಷ ಉತ್ತರ ಬೇಕು, ಅಷ್ಟು ಹುಟ್ಟಿಸಲು ಹೊರಗಿನಿಂದ ಬರಬೇಕಾದ ಡೇಟಾ 190 ಎಂಬಿಯ ಆಸುಪಾಸು. ಒಳಜಾಲದಲ್ಲಿ ಇದು ಏನೇನೂ ಅಲ್ಲ.

ಇನ್ನು ಮ್ಯಾಕ್ಸ್‌ಮೆಮೊರಿ. ನಿಮ್ಮ ಸೆಟಪ್‌ನಲ್ಲಿ ನನಗೆ ಹೆಚ್ಚು ಭಯ ಇರುವುದು ಇದೇ ಜಾಗದಲ್ಲಿ. ಮ್ಯಾಕ್ಸ್‌ಮೆಮೊರಿ ಎಂದರೆ ಪ್ರಾಸೆಸ್‌ಗೆ ಹಾಕಿದ ಗೋಡೆಯಲ್ಲ, ಕೀಗಳನ್ನು ಯಾವಾಗ ಹೊರಹಾಕಬೇಕು ಎಂಬ ಗೆರೆ ಅಷ್ಟೇ. ಆ ಲೆಕ್ಕದಿಂದ ರೆಪ್ಲಿಕಾ ಬಫರ್‌ಗಳನ್ನೂ ಎಒಎಫ್ (ಬದಲಾವಣೆಗಳನ್ನು ಡಿಸ್ಕ್‌ನಲ್ಲಿ ಬರೆದಿಡುವ ಫೈಲ್) ಬಫರನ್ನೂ ಹೊರಗಿಡುತ್ತಾರೆ, ನಾರ್ಮಲ್ ಕ್ಲೈಂಟ್‌ಗಳ ಔಟ್‌ಪುಟ್ ಬಫರನ್ನು ಹೊರಗಿಡುವುದಿಲ್ಲ. ಹಾಗಾಗಿ ಯಾರೋ 3 ಜಿಬಿ ನೋಆತ್ ಸಾಲುಗಳನ್ನು ಪೇರಿಸಿದರೆ, ರೆಡಿಸ್ 10 ಜಿಬಿ ಗೆರೆಯೊಳಗೆ ಉಳಿಯಲು ನಿಮ್ಮ ಕೀಗಳನ್ನು ಒಂದೊಂದಾಗಿ ಅಳಿಸುತ್ತದೆ. ಆಲ್‌ಕೀಸ್ ಪಾಲಿಸಿ ಆದ್ದರಿಂದ ಟಿಟಿಎಲ್ (ಅವಧಿ ಮಿತಿ) ಇಲ್ಲದ ಕೀಗೂ ರಕ್ಷೆ ಇಲ್ಲ. ಪ್ರೈಮರಿಯಲ್ಲಿ ಹೀಗೆ ಹೋದ ಪ್ರತಿ ಕೀಗೂ ಅಳಿಸುವ ಕಮಾಂಡ್ ರೆಪ್ಲಿಕಾಗಳಿಗೂ ಎಒಎಫ್‌ಗೂ ಹೋಗುತ್ತದೆ, ಅಲ್ಲಿಯೂ ಕೀ ಮಾಯ. ಸರ್ವರ್ ಇನ್ನೂ ನಿಂತೇ ಇರುತ್ತದೆ, ಪಿಂಗ್‌ಗೆ ಪಾಂಗ್ ಅನ್ನುತ್ತದೆ, ಸೆಂಟಿನೆಲ್‌ಗೂ ಏನೂ ಕಾಣದು. ಕ್ಯಾಶ್ ಖಾಲಿಯಾಗಿ ಹಿಂದಿನ ಎಸ್‌ಕ್ಯೂಎಲ್ ಡೇಟಾಬೇಸ್ ಮೇಲೆ ಭಾರ ಬಿದ್ದಾಗ ಜನ ಆ ಕಡೆ ಹುಡುಕಲು ಹೋಗುತ್ತಾರೆ.

ಏನನ್ನೂ ಅಳಿಸದ ನೋಎವಿಕ್ಷನ್ ಪಾಲಿಸಿ ಇದ್ದಿದ್ದರೆ ಕೀ ಉಳಿಯುತ್ತವೆ, ಆದರೆ ಬರೆಯುವ ಕಮಾಂಡ್‌ಗಳೆಲ್ಲ ಓಓಎಂ (ಮೆಮೊರಿ ಮುಗಿದಿದೆ) ಎರರ್ ಪಡೆಯುತ್ತವೆ. ಎರಡು ಪಾಲಿಸಿಯಲ್ಲೂ ಬಫರ್ ಮಾತ್ರ ಬೆಳೆಯುತ್ತಲೇ ಹೋಗಿ, ಕೊನೆಗೆ ಪ್ರಾಸೆಸನ್ನೇ ಕೊಲ್ಲುವ ಕರ್ನಲ್‌ನ ಓಓಎಂ ಕಿಲ್ಲರ್ ಬರುತ್ತದೆ. ಪ್ರೈಮರಿ ಸತ್ತರೆ ಸೆಂಟಿನೆಲ್ ಇನ್ನೊಂದನ್ನು ಪ್ರೈಮರಿ ಮಾಡುತ್ತದೆ, ಅದೇ ದಾಳಿ ಅದರ ಮೇಲೂ ನಡೆಯುತ್ತದೆ.

ತೂಬು

ಆವೃತ್ತಿಯ ಪ್ರಶ್ನೆಗೆ: ಇದು ಪ್ರಕಟವಾದದ್ದು 2025ರ ಏಪ್ರಿಲ್ 23ರಂದು. 2.6ರಿಂದ ಸರಿಪಡಿಸಿದ ಆವೃತ್ತಿಗಳವರೆಗಿನ ಎಲ್ಲ ರೆಡಿಸ್‌ಗೂ ಅನ್ವಯ. ರೆಡಿಸ್‌ನಿಂದ ಕವಲೊಡೆದ ವಾಲ್ಕೀ ಬಳಸುವವರಿಗೆ 7.2.9, 8.0.3, 8.1.1ರಲ್ಲಿ ಸರಿಯಾಗಿದೆ. ರೆಡಿಸ್ 7.0 ಸಾಲಿಗೆ ಮೂಲ ತಂಡ ಹೊಸ ಬಿಡುಗಡೆ ಮಾಡಲಿಲ್ಲ. ಆದರೆ ಡೆಬಿಯನ್ ತಂಡ ಆವೃತ್ತಿ ಸಂಖ್ಯೆ ಬದಲಿಸದೆ ತಿದ್ದುಪಡಿಯನ್ನಷ್ಟೇ ಹಳೆಯ ಕೋಡ್‌ಗೆ ತಂದು ಹಾಕುತ್ತದೆ. ಆದ್ದರಿಂದ ಇನ್ಫೋ ಕಮಾಂಡ್ "7.0.15" ಎಂದು ತೋರಿಸಿದ್ದನ್ನು ನೋಡಿ ಸುರಕ್ಷಿತ ಎಂದೂ ಹೇಳಲಾಗದು, ಅಲ್ಲ ಎಂದೂ ಹೇಳಲಾಗದು. "ಆಪ್ಟ್ ಚೇಂಜ್‌ಲಾಗ್ ರೆಡಿಸ್-ಸರ್ವರ್" ಓಡಿಸಿ, ಅದರಲ್ಲಿ 21605 ಹುಡುಕಿ. ಸಿಕ್ಕಿದರೆ ಪ್ಯಾಕೇಜ್‌ನಲ್ಲಿ ತಿದ್ದುಪಡಿ ಇದೆ. ಆಮೇಲೆ ಒಂದು ಮಾತು ಮರೆಯಬೇಡಿ: ಪ್ಯಾಕೇಜ್ ಹೊಸದಾಗಿದ್ದರೂ ಪ್ರಾಸೆಸ್ ಹಳೆಯದೇ ಓಡುತ್ತಿರಬಹುದು. ಇನ್ಫೋ ಸರ್ವರ್‌ನ "ಅಪ್‌ಟೈಮ್_ಇನ್_ಸೆಕೆಂಡ್ಸ್" ನೋಡಿ, ಪ್ಯಾಕೇಜ್ ಇನ್‌ಸ್ಟಾಲ್ ಆದ ಸಮಯಕ್ಕಿಂತ ಮುಂಚೆಯೇ ಶುರುವಾಗಿದ್ದರೆ ರೀಸ್ಟಾರ್ಟ್ ಬಾಕಿ ಇದೆ.

ಅಪ್‌ಗ್ರೇಡ್ ಕ್ರಮ: ಮೊದಲು ರೆಪ್ಲಿಕಾಗಳು, ಒಂದೊಂದಾಗಿ. ಪ್ರತಿಯೊಂದರಲ್ಲೂ "ಮಾಸ್ಟರ್_ಲಿಂಕ್_ಸ್ಟೇಟಸ್" ಅಪ್ ಎಂದು ಬಂದ ಮೇಲೆ ಮುಂದಿನದು. ನಂತರ "ಸೆಂಟಿನೆಲ್ ಫೇಲ್‌ಓವರ್", ಕೊನೆಗೆ ಹಳೆಯ ಪ್ರೈಮರಿ. 7.0ರಿಂದ 7.2ಕ್ಕೆ ಜಿಗಿಯುವುದಾದರೆ ಈ ಕ್ರಮ ಕಡ್ಡಾಯ. ಹೊಸ ಪ್ರೈಮರಿಯ ಆರ್‌ಡಿಬಿಯನ್ನು (ಡೇಟಾದ ಪೂರ್ಣ ಪ್ರತಿ) ಹಳೆಯ ರೆಪ್ಲಿಕಾ ಓದಲಾರದು.

ಇನ್ನೊಂದು. 7.2.8ಕ್ಕೋ 7.4.3ಕ್ಕೋ ಹೋಗಿ ನಿಲ್ಲಬೇಡಿ. ಅದೇ ವರ್ಷ ಜುಲೈನಲ್ಲಿ ಲಾಗಿನ್ ಇಲ್ಲದೆಯೇ ಇತರ ಕ್ಲೈಂಟ್‌ಗಳನ್ನು ಹಸಿವಿಗೆ ಕೆಡಹುವ ಸಿವಿಇ-2025-48367 ಬಂತು. ಅಕ್ಟೋಬರ್‌ನಲ್ಲಿ ಸ್ಕ್ರಿಪ್ಟ್ ಓಡಿಸುವ ಲುವಾ ಎಂಜಿನ್‌ನ ಸಿವಿಇ-2025-49844 ಬಂತು. ಅದು ಸರ್ವರ್ ಬೀಳಿಸುವ ದೋಷವಲ್ಲ, ಲಾಗಿನ್ ಆದವರು ಸರ್ವರ್‌ನಲ್ಲಿ ತಮ್ಮ ಕೋಡ್ ಓಡಿಸಬಲ್ಲ ದೋಷ, ತೀವ್ರತೆಯ ಅಂಕ ಹತ್ತಕ್ಕೆ ಹತ್ತು. ಮೂರನ್ನೂ ಒಟ್ಟಿಗೆ ಮುಚ್ಚಬೇಕಾದರೆ ಕನಿಷ್ಠ 6.2.20, 7.2.11, 7.4.6, 8.0.4 ಅಥವಾ 8.2.2.

ಲೋಡ್‌ಸರಾಸರಿ

ಅಪ್‌ಗ್ರೇಡ್‌ವರೆಗೆ "ಟೈಮ್‌ಔಟ್ 30" ಹಾಕಿ, ಡಿಫಾಲ್ಟ್ ಯೂಸರನ್ನು ಎಸಿಎಲ್‌ನಲ್ಲಿ (ಯಾರಿಗೆ ಏನು ಅನುಮತಿ ಎಂಬ ಪಟ್ಟಿ) ಆಫ್ ಮಾಡಿ. ಆಗ ಲಾಗಿನ್ ಆಗದವರು ಉಳಿಯುವುದೇ ಇಲ್ಲವಲ್ಲ?

ಸಾಕೆಟ್‌ಪುರಾಣ

@ಲೋಡ್‌ಸರಾಸರಿ ಎರಡೂ ಕೆಲಸಕ್ಕೆ ಬರುವುದಿಲ್ಲ. ಟೈಮ್‌ಔಟ್ ಲೆಕ್ಕ ಹಾಕುವುದು ಸುಮ್ಮನಿರುವ ಕ್ಲೈಂಟನ್ನು. ಇಲ್ಲಿನ ಕ್ಲೈಂಟ್ ಸುಮ್ಮನಿಲ್ಲ, ಕಳಿಸುತ್ತಲೇ ಇದೆ, ಪ್ರತಿ ಓದಿಗೂ ಗಡಿಯಾರ ಮತ್ತೆ ಸೊನ್ನೆಯಿಂದ ಶುರು. ಕಳಿಸುವುದನ್ನು ನಿಲ್ಲಿಸಿದ ಮೇಲೆ ಮಾತ್ರ ಟೈಮ್‌ಔಟ್ ಬಂದು ಗುಡಿಸುತ್ತದೆ. ಟಿಸಿಪಿ-ಕೀಪ್‌ಅಲೈವ್ ಕೂಡ ಹಾಗೆಯೇ: ಆ ಕಡೆಯ ಕರ್ನಲ್ ಜೀವಂತ ಇದೆ, ಎಸಿಕೆ ಕಳಿಸುತ್ತದೆ, ಸಂಪರ್ಕ ಉಳಿಯುತ್ತದೆ. ಡಿಫಾಲ್ಟ್ ಯೂಸರನ್ನು ಆಫ್ ಮಾಡಿದರೂ ಬರುವ ಉತ್ತರ ಅದೇ ನೋಆತ್ ಸಾಲು, ತುಂಬುವುದು ಅದೇ ಬಫರ್.

ನಿಜವಾಗಿ ಹಿಡಿಯುವವು ಮೂರು.

ಮೊದಲನೆಯದು ನೆಟ್‌ವರ್ಕ್. ಆಫೀಸಿನ ಒಳಜಾಲಕ್ಕೆಲ್ಲ 6379 ತೆರೆದಿಡುವ ಅಗತ್ಯ ಯಾವ ಆ್ಯಪ್‌ಗೂ ಇಲ್ಲ. ಲಿನಕ್ಸ್ ಫೈರ್‌ವಾಲ್ ಎನ್‌ಎಫ್‌ಟೇಬಲ್ಸ್‌ನಲ್ಲಿ ಆ್ಯಪ್ ಸರ್ವರ್‌ಗಳ ವಿಳಾಸದ ಒಂದು ಸೆಟ್ ಮಾಡಿ, ಆ ಸೆಟ್‌ನಲ್ಲಿ ಇಲ್ಲದವರಿಂದ 6379ಕ್ಕೆ ಬಂದದ್ದನ್ನು ಡ್ರಾಪ್ ಮಾಡಿ. ಸೆಂಟಿನೆಲ್‌ನ 26379 ಮರೆತುಹೋಗುವ ಪೋರ್ಟ್, ಅಲ್ಲಿ ಓಡುವುದೂ ಅದೇ ರೆಡಿಸ್ ಕೋಡ್, ಸಾಮಾನ್ಯವಾಗಿ ಪಾಸ್‌ವರ್ಡೂ ಇರುವುದಿಲ್ಲ. ಕ್ಲಸ್ಟರ್ ಇದ್ದರೆ 16379 ಕೂಡ ನೋಡ್‌ಗಳ ನಡುವೆ ಮಾತ್ರ ಇರಲಿ.

ಎರಡನೆಯದು ಕ್ಲೈಂಟ್ ಸರ್ಟಿಫಿಕೇಟ್ ಕೇಳುವ ಟಿಎಲ್‌ಎಸ್. "ಪೋರ್ಟ್ 0" ಮಾಡಿ, "ಟಿಎಲ್‌ಎಸ್-ಪೋರ್ಟ್ 6379", "ಟಿಎಲ್‌ಎಸ್-ಆತ್-ಕ್ಲೈಂಟ್ಸ್ ಯೆಸ್". ಸರ್ಟಿಫಿಕೇಟ್ ಇಲ್ಲದವರು ಹ್ಯಾಂಡ್‌ಶೇಕ್‌ನಲ್ಲೇ ಬೀಳುತ್ತಾರೆ, ಕಮಾಂಡ್ ಪಾರ್ಸ್ ಆಗುವ ಹಂತಕ್ಕೇ ಬರುವುದಿಲ್ಲ. ಹಳೆಯ ಪೋರ್ಟನ್ನು ಸೊನ್ನೆ ಮಾಡದೆ ಟಿಎಲ್‌ಎಸ್ ಪೋರ್ಟನ್ನು ಪಕ್ಕದಲ್ಲಿ ತೆರೆದರೆ ಏನೂ ಪ್ರಯೋಜನವಿಲ್ಲ.

ಮೂರನೆಯದು ಮಿತಿಗಳು. ನಾರ್ಮಲ್ ಕ್ಲೈಂಟ್‌ಗೆ ಔಟ್‌ಪುಟ್ ಮಿತಿ ಹಾಕಿದರೆ ಲಾಗಿನ್ ಆಗದವರಿಗೂ ಅದು ಅನ್ವಯಿಸುತ್ತದೆ. ಆದರೆ ಅದು ಒಂದು ಕನೆಕ್ಷನ್‌ಗೆ ಹಾಕುವ ಮಿತಿ. ಮ್ಯಾಕ್ಸ್‌ಕ್ಲೈಂಟ್ಸ್ ಡಿಫಾಲ್ಟ್ 10000. 64 ಎಂಬಿ ಮಿತಿ ಹಾಕಿದರೂ 250 ಕನೆಕ್ಷನ್ ತೆರೆದವರು ನಿಮ್ಮ 16 ಜಿಬಿಯನ್ನು ಮುಗಿಸಬಲ್ಲರು. ಅದಕ್ಕೇ 7.0ರಲ್ಲಿ ಬಂದ "ಮ್ಯಾಕ್ಸ್‌ಮೆಮೊರಿ-ಕ್ಲೈಂಟ್ಸ್" ಮುಖ್ಯ. ಎಲ್ಲ ಕ್ಲೈಂಟ್‌ಗಳ ಒಟ್ಟು ಮೆಮೊರಿಗೆ ಅದು ಒಂದೇ ಗೆರೆ. ದಾಟಿದರೆ ಅತಿ ಹೆಚ್ಚು ತಿಂದ ಕ್ಲೈಂಟನ್ನು ಮೊದಲು ಕಡಿಯುತ್ತದೆ, ನಿಮ್ಮ ಕೀಗಳನ್ನಲ್ಲ. ಡಿಫಾಲ್ಟ್ 0, ಅಂದರೆ ಆಫ್. ಶೇಕಡಾ ಲೆಕ್ಕದಲ್ಲೂ ಕೊಡಬಹುದು, ಅದು ಮ್ಯಾಕ್ಸ್‌ಮೆಮೊರಿಯ ಶೇಕಡಾ. ನಿಮ್ಮ 10 ಜಿಬಿಗೆ 10% ಹಾಕಿದರೆ ಎಲ್ಲ ಕ್ಲೈಂಟ್‌ಗೂ ಸೇರಿ 1 ಜಿಬಿ. 6.2ರಲ್ಲಿರುವವರಿಗೆ ಈ ಸೆಟ್ಟಿಂಗ್ ಇಲ್ಲ. ಮಾನಿಟರಿಂಗ್ ಕನೆಕ್ಷನ್ ಕಡಿಯಬಾರದು ಎಂದಿದ್ದರೆ ಆ ಕನೆಕ್ಷನ್‌ನಲ್ಲಿ "ಕ್ಲೈಂಟ್ ನೋ-ಎವಿಕ್ಟ್ ಆನ್" ಕೊಡಿ.

ಪ್ಯಾಚ್ ಏನು ಮಾಡುತ್ತದೆ ಎಂಬುದನ್ನೂ ಸರಿಯಾಗಿ ತಿಳಿದಿರಬೇಕು. ಲಾಗಿನ್ ಆಗಬೇಕಾದ, ಆದರೆ ಇನ್ನೂ ಆಗದ ಕ್ಲೈಂಟ್‌ನ ಉತ್ತರದ ಪಟ್ಟಿ 1024 ಬೈಟ್ ದಾಟಿದರೆ ಕನೆಕ್ಷನ್ ಮುಚ್ಚುತ್ತದೆ. ಆ ಸಂಖ್ಯೆ ಕೋಡ್‌ನಲ್ಲೇ ಇದೆ, ಕಾನ್ಫಿಗ್‌ನಿಂದ ಬದಲಿಸಲಾಗದು. "ಲಾಗಿನ್ ಆಗಬೇಕಾದ" ಎಂಬುದನ್ನು ಗಮನಿಸಿ. ಪಾಸ್‌ವರ್ಡೇ ಇಲ್ಲದ ಸರ್ವರ್‌ನಲ್ಲಿ ಯಾರೂ ಲಾಗಿನ್ ಆಗಬೇಕಾಗಿಲ್ಲ, ಆದ್ದರಿಂದ ಈ ತಡೆಯೂ ಅಲ್ಲಿ ಕೆಲಸ ಮಾಡುವುದಿಲ್ಲ. ಲಾಗಿನ್ ಆದ ಕ್ಲೈಂಟ್‌ಗೂ ಹಳೆಯ 0 0 0 ಹಾಗೇ ಉಳಿಯುತ್ತದೆ. ಪ್ಯಾಚ್ ಹಾಕಿದ ಮೇಲೂ ಮಿತಿಗಳನ್ನು ತೆಗೆಯಬೇಡಿ ಎನ್ನುವುದು ಇದಕ್ಕೇ.

2021ರಲ್ಲೂ ಇದೇ ಜಾತಿಯ ದೋಷವೊಂದಿತ್ತು, ಸಿವಿಇ-2021-32675. ಅದು ಒಳಬರುವ ಕಡೆಯದು: ಲಾಗಿನ್‌ಗೂ ಮುಂಚೆ "ಇಷ್ಟು ಲಕ್ಷ ಅಂಶ ಕಳಿಸುತ್ತೇನೆ" ಎಂದು ಹೆಡರ್‌ನಲ್ಲಿ ಹೇಳಿದರೆ ಸಾಕು, ರೆಡಿಸ್ ಅಷ್ಟಕ್ಕೂ ಜಾಗ ತೆಗೆದಿಡುತ್ತಿತ್ತು. ಆಗ ಲಾಗಿನ್ ಆಗದವರಿಗೆ 10 ಅಂಶ, ಅಂಶಕ್ಕೆ 16 ಕೆಬಿ ಎಂಬ ಮಿತಿ ಹಾಕಿದರು. ಹೊರಹೋಗುವ ಕಡೆಗೆ ಮಿತಿ ಬರಲು 2025 ಆಗಬೇಕಾಯಿತು. ಲಾಗಿನ್‌ಗೆ ಮುಂಚಿನ ಕೋಡ್ ಹಾದಿಯಲ್ಲಿ ಖರ್ಚಾಗುವ ಪ್ರತಿ ಬೈಟಿಗೂ ಲೆಕ್ಕ ಇರಬೇಕು ಅನ್ನುವುದನ್ನು ಡೇಟಾಬೇಸ್ ಬರೆಯುವವರು ಮೊದಲೇ ನೋಡಬೇಕಿತ್ತು.

ಕಟ್ಟೆ_ಆಪ್ಸ್

ಚೇಂಜ್‌ಲಾಗ್‌ನಲ್ಲಿ 21605 ಇದೆ, ಆದರೆ ಮೂರರಲ್ಲಿ ಎರಡು ಪ್ರಾಸೆಸ್ ಹಳೆಯವೇ ಓಡುತ್ತಿವೆ. ಇನ್ಫೋ ಎರರ್‌ಸ್ಟ್ಯಾಟ್ಸ್‌ನಲ್ಲಿ "ಎರರ್‌ಸ್ಟ್ಯಾಟ್_ನೋಆತ್" ಸಂಖ್ಯೆ ಏರುತ್ತಲೇ ಇದೆ. ಇದು ದಾಳಿಯೇ? ಯಾವ ಕ್ಲೈಂಟ್ ಎಂದು ಕಂಡುಹಿಡಿಯುವುದು ಹೇಗೆ? ಕ್ಲೈಂಟ್ ಲಿಸ್ಟ್‌ನಲ್ಲಿ ಎಲ್ಲರೂ "ಯೂಸರ್=ಡಿಫಾಲ್ಟ್" ಎಂದೇ ಕಾಣುತ್ತಾರೆ.

ಮೂರನೇಶಿಫ್ಟ್

ನೋಆತ್ ಎಣಿಕೆ ಏರಿದ ಮಾತ್ರಕ್ಕೆ ದಾಳಿ ಅಲ್ಲ. ಪಾಸ್‌ವರ್ಡ್ ಇಲ್ಲದೆ ಪಿಂಗ್ ಮಾಡುವ ಹೆಲ್ತ್ ಚೆಕ್ ಒಂದಿದ್ದರೂ ಪ್ರತಿ ಸಲಕ್ಕೆ ಒಂದು ಸೇರುತ್ತದೆ. ಏರುವ ವೇಗ ನೋಡಿ. ಹತ್ತು ಸೆಕೆಂಡಿಗೆ ಒಂದೋ ಎರಡೋ ಆದರೆ ಹೆಲ್ತ್ ಚೆಕ್, ಸೆಕೆಂಡಿಗೆ ಸಾವಿರಗಟ್ಟಲೆ ಆದರೆ ಬೇರೆ ಕಥೆ.

ಯೂಸರ್ ಕಾಲಮ್ ನಂಬಬೇಡಿ. ಲಾಗಿನ್ ಆಗದ ಕನೆಕ್ಷನ್‌ಗೂ ರೆಡಿಸ್ ಡಿಫಾಲ್ಟ್ ಯೂಸರ್ ಹೆಸರನ್ನೇ ಅಂಟಿಸಿರುತ್ತದೆ. ನೋಡಬೇಕಾದ ಕಾಲಮ್‌ಗಳು ಮೂರು: "ಓಬಿಎಲ್" 16 ಕೆಬಿ ಸ್ಥಿರ ಬಫರ್‌ನಲ್ಲಿ ಎಷ್ಟು ತುಂಬಿದೆ, "ಓಎಲ್‌ಎಲ್" ಪಟ್ಟಿಯಲ್ಲಿ ಎಷ್ಟು ಬ್ಲಾಕ್, "ಓಮೆಮ್" ಆ ಪಟ್ಟಿ ತಿಂದಿರುವ ಬೈಟ್. ಆರೋಗ್ಯವಂತ ಕ್ಲೈಂಟ್‌ನಲ್ಲಿ ಓಮೆಮ್ ಬಹುಪಾಲು ಹೊತ್ತು 0. ಎರಡು ಸಲ, ಐದು ಸೆಕೆಂಡ್ ಬಿಟ್ಟು ತೆಗೆದು ಹೋಲಿಸಿ. ಎರಡರಲ್ಲೂ ಇದ್ದು, ಎರಡನೆಯದರಲ್ಲಿ ಇನ್ನೂ ದೊಡ್ಡದಾಗಿರುವುದೇ ಸಿಕ್ಕಿಬಿದ್ದ ಕ್ಲೈಂಟ್.

ಆಮೇಲೆ ಕರ್ನಲ್ ಕಡೆಯಿಂದ ದೃಢಪಡಿಸಿಕೊಳ್ಳಿ. "ಎಸ್‌ಎಸ್" ಕಮಾಂಡ್‌ಗೆ ಟೈಮರ್ ತೋರಿಸುವ ಆಯ್ಕೆ ಕೊಟ್ಟು 6379ರ ಸಾಲುಗಳನ್ನು ನೋಡಿ. ಓದದ ಕ್ಲೈಂಟ್‌ನ ಸಾಲಿನಲ್ಲಿ ಸೆಂಡ್-ಕ್ಯೂ ದೊಡ್ಡ ಸಂಖ್ಯೆಯಲ್ಲಿ ಅಲುಗದೆ ನಿಂತಿರುತ್ತದೆ, ಕೊನೆಯಲ್ಲಿ ಟೈಮರ್ "ಪರ್ಸಿಸ್ಟ್" ಎಂದಿರುತ್ತದೆ. ಎದುರಿನ ವಿಂಡೋ ಸೊನ್ನೆಯಾಗಿದೆ, ನಮ್ಮ ಕರ್ನಲ್ ಆಗಾಗ ತಟ್ಟಿ "ಈಗ ತಗೋತೀಯಾ" ಎಂದು ಕೇಳುತ್ತಿದೆ ಎಂದರ್ಥ. ನಿಧಾನದ ಲಿಂಕ್ ಆಗಿದ್ದರೆ ಸೆಂಡ್-ಕ್ಯೂ ಏರಿಳಿಯುತ್ತದೆ, ಪರ್ಸಿಸ್ಟ್‌ನಲ್ಲಿ ನಿಲ್ಲುವುದಿಲ್ಲ.

ಕಡಿಯುವಾಗ ಎಡವುವುದು ಇಲ್ಲಿ: ಮೊದಲು ಫೈರ್‌ವಾಲ್, ನಂತರ ಕಿಲ್. ಕಿಲ್ ಮೊದಲು ಮಾಡಿದರೆ ಅದೇ ಗಳಿಗೆಯಲ್ಲಿ ಮತ್ತೆ ಕನೆಕ್ಟ್ ಆಗುತ್ತದೆ. ಬರೀ ಫೈರ್‌ವಾಲ್ ಹಾಕಿ ಬಿಟ್ಟರೂ ಆಗದು. ಎಲ್ಲರ ರೂಲ್ ಪಟ್ಟಿಯಲ್ಲೂ ಮೊದಲ ಸಾಲು "ಎಸ್ಟಾಬ್ಲಿಷ್ಡ್ ಇದ್ದರೆ ಬಿಡು" ಎಂದೇ ಇರುತ್ತದೆ, ಈಗಾಗಲೇ ಒಳಗಿರುವ ಕನೆಕ್ಷನ್ ಆ ಸಾಲಿನಲ್ಲೇ ದಾಟಿಹೋಗುತ್ತದೆ. ಆದ್ದರಿಂದ ಡ್ರಾಪ್ ರೂಲ್ ಹಾಕಿ, ತಕ್ಷಣ "ಕ್ಲೈಂಟ್ ಕಿಲ್ ಐಡಿ" ಕೊಡಿ. "ಕ್ಲೈಂಟ್ ಕಿಲ್ ಯೂಸರ್ ಡಿಫಾಲ್ಟ್" ಕೊಟ್ಟರೆ ನಿಮ್ಮ ಆ್ಯಪ್‌ಗಳೂ ಒಟ್ಟಿಗೆ ಬೀಳುತ್ತವೆ.

ಕಡಿದ ಮೇಲೆ ಯೂಸ್ಡ್_ಮೆಮೊರಿ ಕೂಡಲೇ ಇಳಿದರೂ ಆರ್‌ಎಸ್‌ಎಸ್ (ಪ್ರಾಸೆಸ್ ನಿಜವಾಗಿ ಹಿಡಿದಿರುವ ರ್‍ಯಾಮ್) ಇಳಿಯದೆ "ಮೆಮ್_ಫ್ರಾಗ್ಮೆಂಟೇಷನ್_ರೇಷಿಯೊ" 2, 3 ಎಂದು ತೋರಿಸಬಹುದು. ಅದನ್ನು ನೋಡಿ ಗಾಬರಿಯಿಂದ ರೀಸ್ಟಾರ್ಟ್ ಮಾಡಬೇಡಿ. ಮೆಮೊರಿ ಹಂಚುವ ಜೆಮ್ಯಾಲಾಕ್ ಖಾಲಿ ಪುಟಗಳನ್ನು ಇನ್ನೂ ಹಿಡಿದುಕೊಂಡಿದೆ ಅಷ್ಟೇ, "ಮೆಮೊರಿ ಪರ್ಜ್" ಕೊಟ್ಟರೆ ಬಹುಪಾಲು ಬಿಡುತ್ತದೆ.

ದಾಳಿಯನ್ನು ಪ್ರೊಡಕ್ಷನ್ ಮೇಲೆ ಮಾಡಿ ನೋಡುವ ಯೋಚನೆ ಇದ್ದರೆ ಬೇಡ. ಚೇಂಜ್‌ಲಾಗ್, ಅಪ್‌ಟೈಮ್ ಎರಡೇ ಸಾಕು.

ಲೋಡ್‌ಸರಾಸರಿ

ಡಾಕರ್‌ನಲ್ಲಿ ಓಡಿಸುವವರಿಗೂ ಇದೇ ಫೈರ್‌ವಾಲ್ ರೂಲ್ ಸಾಕೇ? ಯುಎಫ್‌ಡಬ್ಲ್ಯೂ ಫೈರ್‌ವಾಲ್‌ನಲ್ಲಿ 6379 ಡಿನೈ ಇದೆ.

ತೂಬು

ಸಾಲದು. "6379:6379" ಎಂದು ಪೋರ್ಟ್ ಪ್ರಕಟಿಸಿದರೆ ಡಾಕರ್ ತನ್ನದೇ ನ್ಯಾಟ್ ರೂಲ್ ಹಾಕುತ್ತದೆ. ಪ್ಯಾಕೆಟ್ ಫಾರ್ವರ್ಡ್ ಹಾದಿಯಲ್ಲಿ ಹೋಗುವುದರಿಂದ ಯುಎಫ್‌ಡಬ್ಲ್ಯೂನ ಇನ್‌ಪುಟ್ ರೂಲನ್ನು ಮುಟ್ಟುವುದೇ ಇಲ್ಲ. ಅದೇ ಮಷಿನ್‌ನ ಆ್ಯಪ್‌ಗೆ ಮಾತ್ರ ಬೇಕಿದ್ದರೆ "127.0.0.1:6379:6379" ಎಂದು ಬರೆಯಿರಿ. ಕಂಟೇನರ್‌ನಿಂದ ಕಂಟೇನರ್‌ಗೆ ಮಾತ್ರ ಬೇಕಿದ್ದರೆ ಪೋರ್ಟ್ ಪ್ರಕಟಿಸುವುದೇ ಬೇಡ. ಹೊರಗಿನವರಿಗೂ ಬೇಕಿದ್ದರೆ ರೂಲ್ ಹಾಕಬೇಕಾದ ಜಾಗ "ಡಾಕರ್-ಯೂಸರ್" ಚೈನ್. ಅಲ್ಲಿಗೆ ಬರುವಷ್ಟರಲ್ಲಿ ವಿಳಾಸ ಬದಲಾಗಿರುತ್ತದೆ, ಹಾಗಾಗಿ ಹೊರಗಿನ ಪೋರ್ಟ್ ಬೇರೆ ಇದ್ದರೂ ಕಂಟೇನರ್ ಒಳಗಿನ ಪೋರ್ಟ್ ಸಂಖ್ಯೆಯನ್ನೇ ಬರೆಯಬೇಕು.

ಅಧಿಕೃತ ಡಾಕರ್ ಇಮೇಜ್‌ನಲ್ಲಿ ಪ್ರೊಟೆಕ್ಟೆಡ್ ಮೋಡ್ ಡಿಫಾಲ್ಟ್ ಆಗಿ ಆಫ್ ಇರುತ್ತದೆ, ಅದನ್ನೂ ನೆನಪಿಡಿ. ಡಾಕರ್ ಅಲ್ಲದ ಕಡೆಯೂ, ಪಾಸ್‌ವರ್ಡ್ ಹಾಕಿದ ಕೂಡಲೇ ಪ್ರೊಟೆಕ್ಟೆಡ್ ಮೋಡ್ ಹಿಂದೆ ಸರಿಯುತ್ತದೆ. ಅದು ಕಾಯುವುದು ಪಾಸ್‌ವರ್ಡ್ ಇಲ್ಲದ ಸರ್ವರನ್ನು ಮಾತ್ರ.

ಕಟ್ಟೆ_ಆಪ್ಸ್

ಔಟ್‌ಪುಟ್ ಮಿತಿ ಎಷ್ಟು ಹಾಕಲಿ? ಇನ್ಫೋ ಕ್ಲೈಂಟ್ಸ್‌ನ "ಕ್ಲೈಂಟ್_ರೀಸೆಂಟ್_ಮ್ಯಾಕ್ಸ್_ಔಟ್‌ಪುಟ್_ಬಫರ್" ಈಗ 20 ಕೆಬಿ ತೋರಿಸುತ್ತಿದೆ. 1 ಎಂಬಿ ಸಾಕೇ?

ಮೂರನೇಶಿಫ್ಟ್

ಬೇಡ, ಆ್ಯಪ್ ಒಡೆಯುತ್ತದೆ. ಆ ಸಂಖ್ಯೆ ಕಳೆದ ಎಂಟು ಸೆಕೆಂಡುಗಳದ್ದು ಮಾತ್ರ. ನೀವು ನೋಡಿದ ಕ್ಷಣದಲ್ಲಿ ದೊಡ್ಡ ಕಮಾಂಡ್ ಯಾವುದೂ ಇರಲಿಲ್ಲ ಎಂದಷ್ಟೇ ಅದು ಹೇಳುತ್ತದೆ. ರಾತ್ರಿಯ ಬ್ಯಾಚ್ ಜಾಬ್ ಯಾವುದೋ ಒಂದು ದೊಡ್ಡ ಹ್ಯಾಶ್‌ಗೆ ಎಚ್‌ಗೆಟ್‌ಆಲ್ ಕೊಟ್ಟರೆ ಒಂದೇ ಉತ್ತರ ಹತ್ತಾರು ಎಂಬಿ ಆಗಬಹುದು. ಹಾರ್ಡ್ ಮಿತಿ ದಾಟಿದ ಕೂಡಲೇ ರೆಡಿಸ್ ಕನೆಕ್ಷನ್ ಮುಚ್ಚುತ್ತದೆ, ಆ್ಯಪ್ ಕಡೆ ಕಾಣುವುದು "ಕನೆಕ್ಷನ್ ರೀಸೆಟ್" ಮಾತ್ರ. ಲೈಬ್ರರಿ ಮರುಪ್ರಯತ್ನ ಮಾಡಿ ಅದೇ ಕಮಾಂಡನ್ನು ಮತ್ತೆ ಕೊಡುತ್ತದೆ, ಮತ್ತೆ ಮುಚ್ಚುತ್ತದೆ.

ಐದೈದು ಸೆಕೆಂಡಿಗೆ ಆ ಸಂಖ್ಯೆಯನ್ನು ತೆಗೆದು ಒಂದು ವಾರ ಗ್ರಾಫ್‌ಗೆ ಹಾಕಿ, ತಿಂಗಳ ಕೊನೆಯ ಜಾಬ್ ಇದ್ದರೆ ಅದನ್ನೂ ಸೇರಿಸಿ. ಸಿಕ್ಕ ಅತಿ ದೊಡ್ಡ ಸಂಖ್ಯೆಯ ಮೂರರಷ್ಟು ಹಾರ್ಡ್ ಮಿತಿ, ಒಂದೂವರೆಯಷ್ಟು ಸಾಫ್ಟ್ ಮಿತಿ (ಅದರ ಮೇಲೆ ಸತತ ಇಷ್ಟು ಹೊತ್ತು ನಿಂತರೆ ಮುಚ್ಚುವ ಮಿತಿ), 30 ಸೆಕೆಂಡ್. ನನ್ನ ಮಟ್ಟಿಗೆ ಅದೇ ಸರಿಯಾದ ಶುರು. ಗ್ರಾಫ್ ಬರುವವರೆಗೆ "ನಾರ್ಮಲ್ 256ಎಂಬಿ 64ಎಂಬಿ 30" ಇಟ್ಟು, ಒಟ್ಟು ಮಿತಿಯ ಭಾರವನ್ನು ಮ್ಯಾಕ್ಸ್‌ಮೆಮೊರಿ-ಕ್ಲೈಂಟ್ಸ್ ಮೇಲೆ ಬಿಡಿ. ಮಿತಿಗೆ ಸಿಕ್ಕಿದವರ ಬಗ್ಗೆ ಲಾಗ್‌ನಲ್ಲಿ "ಓವರ್‌ಕಮಿಂಗ್ ಆಫ್ ಔಟ್‌ಪುಟ್ ಬಫರ್ ಲಿಮಿಟ್ಸ್" ಎಂಬ ಸಾಲು ವಿಳಾಸದ ಸಮೇತ ಬರುತ್ತದೆ, ಅದಕ್ಕೆ ಅಲರ್ಟ್ ಹಾಕಿ.

ಕಾನ್ಫಿಗ್ ಸೆಟ್ ಕೊಟ್ಟ ಮೇಲೆ "ಕಾನ್ಫಿಗ್ ರೀರೈಟ್" ಕೊಡಿ, ಇಲ್ಲದಿದ್ದರೆ ಬಾಕಿ ಇರುವ ಆ ಎರಡು ರೀಸ್ಟಾರ್ಟ್‌ನಲ್ಲೇ ಅಳಿಸಿಹೋಗುತ್ತದೆ. ಮೂರು ನೋಡ್‌ಗಳಲ್ಲೂ ಪ್ರತ್ಯೇಕವಾಗಿ ಮಾಡಬೇಕು, ರೆಪ್ಲಿಕೇಷನ್ ಮೂಲಕ ಕಾನ್ಫಿಗ್ ಹೋಗುವುದಿಲ್ಲ. ರೆಪ್ಲಿಕಾ ವರ್ಗದ 256ಎಂಬಿ 64ಎಂಬಿ 60 ಸಾಲನ್ನು ಮುಟ್ಟಬೇಡಿ. ಅದನ್ನು ಇಳಿಸಿದರೆ ಫೇಲ್‌ಓವರ್ ಆದ ತಕ್ಷಣ ನಡೆಯಬಹುದಾದ ಫುಲ್ ಸಿಂಕ್ ಅರ್ಧದಲ್ಲೇ ಕಡಿದು, ಮತ್ತೆ ಮೊದಲಿನಿಂದ ಶುರುವಾಗುತ್ತಿರುತ್ತದೆ.